ನೀರಕ್ಷರ

ತೋರಣಗಲ್ಲಿನ ಹೊಸ ಕುಲುಮೆಗೆ
ಚೀನಾದವರು ಬಂದ ವರ್ಷ
ಅರವತ್ತೆರಡು ಬೋರ್ಡು ಬರೆದವನು ನಾನು,
ಪೇಂಟರ್ ವನ್ನೂರಪ್ಪ, ಬ್ರೂಸ್‌ಪೇಟೆ, ಬಳ್ಳಾರಿ.
ಕೆಳಗೆ ಕನ್ನಡ, ನಡುವೆ ಹಿಂದಿ,
ಮೇಲೆ ಅವರದು.

ಕನ್ನಡಕ್ಕೆ ಕೈ ತಾನೇ ತಿರುಗುತ್ತದೆ,
ಇಳಿಜಾರಿಗೆ ಬಿಟ್ಟ ಬಂಡಿಗಾಲಿ.
ಅವರದರಲ್ಲಿ ಉರುಳುವುದು ಏನೂ ಇಲ್ಲ.
ಕಡ್ಡಿ, ಕಂಬ, ಕೊಕ್ಕೆ,
ಒಂದರೊಳಗೊಂದು ಸಿಕ್ಕ ಜಾಲಿಮುಳ್ಳು.
ಹಾಳೆ ನೋಡಿ ನೋಡಿ ಇಳಿಸಿದೆ.
ಚಿಯಾವ್ ಮೇಸ್ತ್ರಿ ಮೊದಲ ಬೋರ್ಡಿನ ಮುಂದೆ ನಿಂತು
ಹೊಟ್ಟೆ ಹಿಡಿದುಕೊಂಡು ನಕ್ಕ.

ಮರುದಿನ ಊಟದ ಹೊತ್ತಿಗೆ
ಬಕೆಟ್ಟಿನಲ್ಲಿ ನೀರು ತಂದ.
ನನ್ನ ಕುಂಚ ಕಸಿದು, ಅದ್ದಿ,
ಗೋಡೌನಿನ ಸಿಮೆಂಟು ನೆಲದ ಮೇಲೆ ಎಳೆದ.
ಮೇ ತಿಂಗಳು.
ಕೊನೆಯ ಗೆರೆ ಮುಟ್ಟುವುದರೊಳಗೆ
ಮೊದಲ ಗೆರೆ ಇಲ್ಲ.
ಅವನ ಊರಲ್ಲಿ ಮುದುಕರು ಬೆಳಗ್ಗೆ ಹೀಗೇ
ಪಾರ್ಕಿನ ಕಲ್ಲಿಗೆ ಬರೆಯುತ್ತಾರಂತೆ,
ಅಲ್ಲಿ ಅಕ್ಷರ ಒಂದು ಚಹಾ ಮುಗಿಯುವ ತನಕ ಇರುತ್ತದಂತೆ.
ಇಲ್ಲಿ, ಬೀಡಿ ಹಚ್ಚುವ ತನಕವೂ ಇಲ್ಲ.
ನೋಡಿಕೊಂಡು ಬರೆಯಲು ಏನೂ ಉಳಿಯದು;
ಕೈಯೇ ಇಟ್ಟುಕೊಳ್ಳಬೇಕು.

ಅಡ್ಡ ಎಳೆದ ಮೇಲೆ ಉದ್ದ.
ಮೇಲಿನದು ಮುಗಿಸಿ ಕೆಳಗಿನದು.
ಚೌಕವಾದರೆ, ಒಳಗಿನವರೆಲ್ಲ ಒಳಗೆ ಬಂದ ಮೇಲೆಯೇ
ಬಾಗಿಲು.
ತಪ್ಪಿದರೆ ಗಿಣ್ಣಿಗೆ ಒಂದು ಏಟು.

ಒಂದು ದಿನ ಛಾವಣಿ ಎಳೆದ,
ಅದರಡಿ ಕಾಲು ಮಡಚಿದ ಹೆಂಗಸನ್ನು ಕೂರಿಸಿದ.
ಅಂಗೈ ಮೇಲೆ ಕೆನ್ನೆ ಇಟ್ಟು ಕಣ್ಣು ಮುಚ್ಚಿ ತೋರಿಸಿದ:
ನೆಮ್ಮದಿ.
ರಾತ್ರಿ ಸುಂಕಮ್ಮನಿಗೆ ಹೇಳಿದೆ.
ನೂರು ಜೀನ್ಸ್ ಪ್ಯಾಂಟಿನ ಗುಡ್ಡೆಯ ಹಿಂದೆ ಕುಳಿತು
ದಾರದ ತುದಿ ಕತ್ತರಿಸುತ್ತಿದ್ದವಳು
ತಲೆ ಎತ್ತದೇ ಕೇಳಿದಳು:
"ಯಾರ ನೆಮ್ಮದಿ? ಒಳಗ ಕುಂತಾಕಿದಾ,
ಹೊರಗ ತಿರುಗೋರದಾ?"
ಇದನ್ನು ಮೇಸ್ತ್ರಿಗೆ ದಾಟಿಸಲು
ಎಷ್ಟು ಹುಡುಕಿದರೂ ನನಗೆ ಗೆರೆ ಸಿಗಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಹದಿನೇಳು ಗೆರೆಯದು,
ತಲೆಗೆ ಧರಿಸು ಎಂಬುದು.
ಒಂದು ಹೆಲ್ಮೆಟ್ಟಿಗೆ ಇಷ್ಟು ಸಾಮಾನೇ?
ನಮ್ಮದು ನೋಡು, ತಲೆಕಟ್ಟು ಕಟ್ಟಿಕೊಂಡೇ ಹುಟ್ಟುತ್ತದೆ
ಎಂದು ನೀರಲ್ಲಿ ಕ ಬರೆದೆ.
ಅವನು ಟೋಪಿ ತೆಗೆದು
ಅದು ಆರುವ ಮೊದಲೇ ಸಲಾಂ ಹೊಡೆದ.

ಊರಿಗೆ ಹೊರಟ ದಿನ
ನನ್ನ ಡಬ್ಬಿಯ ಮುಚ್ಚಳದ ಮೇಲೆ
ಅದನ್ನೇ ಬರೆಯಲು ಹೋದ, ನೆನಪಿಗೆ.
ಮೇಲಿನ ಮಣ್ಣು ಬಂತು,
ನಾಲ್ಕು ಮಡಿಯ ಹೊಲ ಬಂತು,
ಪೆನ್ನು ನಿಂತಿತು.
ಸೂರು ನೋಡಿದ, ಬೂಟು ನೋಡಿದ.
ಹೆಬ್ಬೆರಳು ಜೇಬಿನ ಫೋನಿಗೆ ಹೋಯಿತು,
ಎಷ್ಟು ವರ್ಷದಿಂದ ಅದರಲ್ಲೇ ಒತ್ತುತ್ತಿದ್ದನೋ.
ಅಷ್ಟರಲ್ಲಿ ನಾನು ಪೆನ್ನು ಈಸಿಕೊಂಡೆ.
ಹೊಲದ ಕೆಳಗೆ ಒಂದು ಅಡ್ಡ, ಎರಡು ಕಂಬ,
ಮತ್ತೊಂದು ಅಡ್ಡ, ಎರಡು ಪಾದ,
ಪಕ್ಕಕ್ಕೆ ಓರೆಯಾಗಿ ಉದ್ದನೆಯ ಕೊಕ್ಕೆ, ಒಂದು ಸೀಳು,
ಬಲಗಡೆ ಮೇಲೆ ಚುಕ್ಕೆ.
ಅವತ್ತು ಅವನು ನಗಲಿಲ್ಲ.
ನನ್ನ ಬೆರಳು ಹಿಡಿದು ತಿರುವಿ ತಿರುವಿ ನೋಡಿದ,
ಕದ್ದ ಮಾಲು ಎಲ್ಲಿಂದ ಬಂತು ಎಂಬ ಹಾಗೆ.

ಈಗೆಲ್ಲ ಫ್ಲೆಕ್ಸು.
ಅದಿರಿನ ಕೆಂಪು ಕುಡಿದು ನನ್ನ ಬೋರ್ಡುಗಳಲ್ಲಿ
ಅವರದೂ ನಮ್ಮದೂ ಒಂದೇ ಬಣ್ಣ.
ನನಗೂ ಒಮ್ಮೊಮ್ಮೆ ಚೀಟಿ ಬರೆಯುವಾಗ ಕೈ ತಡೆಯುತ್ತದೆ:
ಳಕ್ಕೆ ಎಷ್ಟು ಸುತ್ತು?

ಮೊನ್ನೆ ಅಂಗಳದ ಬಂಡೆಗೆ ನೀರು ಚಿಮುಕಿಸುತ್ತಾ
ಸುಂಕಮ್ಮ ಅಂದಳು:
"ಊರೆಲ್ಲಾರ ಹೆಸರು ಬರ‍್ದಿ.
ನಂದು?"
ಹೆಬ್ಬೆಟ್ಟಿನವಳು. ನಲವತ್ತು ವರ್ಷ, ಒಮ್ಮೆಯೂ ಕೇಳಿರಲಿಲ್ಲ.
ಹಳೆಯ ಕುಂಚ ಹುಡುಕಿ ಅದ್ದಿದೆ. ಸು ಬರೆದೆ.
ಮುಂದೆ ಸೊನ್ನೆ ಎಂದೆ.
"ತಾ, ಅದು ನಂಗ ಬರ್ತದ" ಎಂದು
ಕುಂಚ ಅಲ್ಲೇ ಬಿಟ್ಟು, ಅಂಗೈ ಅದ್ದಿ,
ರೊಟ್ಟಿ ತಟ್ಟಿದ ಹಾಗೆ ತಿರುವಿದಳು.

ಸು ಆಗಲೇ ಹೋಗಿತ್ತು.
ಸೊನ್ನೆ ಅಂಚಿನಿಂದ ಒಳಕ್ಕೆ ಆರುತ್ತಾ
ಚಿಕ್ಕದಾಗುತ್ತಿತ್ತು.
ಇಬ್ಬರೂ ಬಗ್ಗಿ ನೋಡುತ್ತಿದ್ದೆವು,
ಕ ಬರೆಯುವುದು ಬಿಟ್ಟು.